ಹೊಲಿಗೆಯವಳ ಫೈಲು

ಮಾರ್ಚ್ 11, ಮಂಗಳವಾರ

ಬೆಳಗ್ಗೆಯಿಂದ ಏಳು ಕುಟುಂಬ, ಏಳು ವಂಶವೃಕ್ಷ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರ ಮೇಲೆ ಓರೆಗೆರೆ. ಹದಿನಾಲ್ಕು ವರ್ಷದಿಂದ ಇದೇ. ಜೆನೆಟಿಕ್ ಕೌನ್ಸೆಲರ್ ಅಂದರೆ ಏನು ಮಾಡುವವಳು ಎಂದು ಅಕ್ಕ ಈಗಲೂ ಕೇಳುತ್ತಾಳೆ. ಚೌಕ, ವೃತ್ತ ಬರೆಯುವವಳು ಅಂದುಬಿಡುತ್ತೇನೆ. ಅವಳಿಗೂ ಸಮಾಧಾನ, ನನಗೂ ಬಾಯಿ ನೋವಿಲ್ಲ.

ಕೊನೆಗೆ ಬಂದವಳು ಒಬ್ಬ ಹೊಲಿಗೆಯವಳು. ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾಳೆ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಹದಿನೇಳು ವಾರದ ಬಸುರಿ. ಗಂಡ ಲಾರಿ ಮೇಲೆ ಹೋಗಿದ್ದಾನಂತೆ, ಜೊತೆಗೆ ಅತ್ತೆ. ಮೊದಲ ಮಗು ಹೆಣ್ಣು, ಹನ್ನೊಂದನೇ ದಿನ ತೀರಿಕೊಂಡಿತು. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸಲಾಗದ ಕಾಯಿಲೆ. ಇಂಥ ಮಗುವಿಗೆ ತಾಯಿಯ ಹಾಲೇ ವಿಷ. ರಿಪೋರ್ಟ್ ಬಂದದ್ದು ಮಗು ಹೋದ ಮೇಲೆ.

ಇಪ್ಪತ್ತು ನಿಮಿಷ ವಿವರಿಸಿದೆ. ಈ ಮಗುವಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಂದರೆ ಒಂದು ಗುಟುಕು ಎದೆಹಾಲೂ ಕೊಡಬಾರದು. ಹೊಟ್ಟೆಗೆ ಸೂಜಿ ಹಾಕಿ, ಗರ್ಭದ ನೀರು ತೆಗೆದು ಪರೀಕ್ಷೆ ಮಾಡಿದರೆ ಈಗಲೇ ಗೊತ್ತಾಗುತ್ತದೆ. ಒಂದೂ ಪ್ರಶ್ನೆ ಇಲ್ಲ. ಕಣ್ಣು ಮುಚ್ಚಿ ಕೂತಳು, ತುಟಿ ಮಾತ್ರ ಆಡುತ್ತಿತ್ತು. ಆಮೇಲೆ ಅಂದಳು: "ದೇವರನ್ನ ಕೇಳಿ ಎರಡು ದಿನದಲ್ಲಿ ಹೇಳ್ತೀನಿ ಮೇಡಂ."

ಮೈಯೆಲ್ಲ ಉರಿಯಿತು. ಇಪ್ಪತ್ತು ನಿಮಿಷ ಗಂಟಲು ಹರಿದುಕೊಂಡದ್ದು ಇದಕ್ಕಾ? ಹನ್ನೊಂದು ದಿನದ ಕೂಸು ಹೋಗುವಾಗ ಆ ದೇವರು ಎಲ್ಲಿದ್ದ? ಇದನ್ನೆಲ್ಲ ಹೇಳಲಿಲ್ಲ. ಆಗಲಿ ಅಂದೆ. ಕಂಪ್ಯೂಟರ್‌ನಲ್ಲಿ ಅವಳ ಪುಟ ಮುಗಿಸಿ ಊಟಕ್ಕೆ ಹೋದೆ. ಕ್ಯಾಂಟೀನ್‌ನಲ್ಲಿ ತಳ ಹಿಡಿದ ಅನ್ನ ಮಾತ್ರ ಉಳಿದಿತ್ತು.

ಮಾರ್ಚ್ 13, ಗುರುವಾರ

ಇಡೀ ದಿನ ತರಬೇತಿ. ನಮ್ಮ ವಿಭಾಗಕ್ಕೇ ಬೀಗ. ವಿಷಯ: "ರೋಗಿಯ ನಂಬಿಕೆ ಮತ್ತು ಆರೈಕೆ". ಅರವತ್ನಾಲ್ಕು ಸ್ಲೈಡು. ರೋಗಿಗೆ ಯಾವುದರಿಂದ ಧೈರ್ಯ ಬರುತ್ತದೆ ಎಂದು ಕೇಳಬೇಕಂತೆ, ಕೇಳಿ ಸುಮ್ಮನೆ ಕೂರಬೇಕಂತೆ. ಹೊರಗೆ ಐವತ್ತು ಜನ ಸಾಲಿನಲ್ಲಿರುವಾಗ ಈ ತರಬೇತಿ ಕೊಡುವವನು ಬಂದು ಸುಮ್ಮನೆ ಕೂತು ತೋರಿಸಲಿ.

ನಮ್ಮ ವಿಭಾಗದ ದೊಡ್ಡ ಡಾಕ್ಟರ್ ಪಕ್ಕದಲ್ಲೇ ಇದ್ದರು. ದೇವರ ಮಾತೆತ್ತುವವರಿಗೆಲ್ಲ ಅವರು ಇಟ್ಟ ಹೆಸರು "ಭಕ್ತರ ಕೇಸು". ನನ್ನ ಕಿವಿಯ ಹತ್ತಿರ ಬಗ್ಗಿ, "ನಮ್ದು ರಕ್ತ ನೋಡೋ ಕೆಲಸ, ಭಕ್ತಿ ನೋಡೋದಲ್ಲ" ಅಂದರು. ನಕ್ಕೆ. ಸಂಜೆ ಬಸ್ಸಿನಲ್ಲಿ ಯಾಕೋ ಪಿಚ್ಚೆನಿಸಿತು. ಇಳಿಯುವಷ್ಟರಲ್ಲಿ ಮರೆತೂ ಹೋಯಿತು.

ಆಗಸ್ಟ್ 12, ಮಂಗಳವಾರ, ಮಧ್ಯಾಹ್ನ

ಊಟ ಬಿಟ್ಟು ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ಹೆರಿಗೆ ವಾರ್ಡಿನಿಂದ ಫೋನ್. ಸಿಸ್ಟರ್ ದನಿಯಲ್ಲಿ ಸಿಡುಕು. ಬೆಳಗಿನ ಜಾವ ಹೆತ್ತವಳೊಬ್ಬಳು ಮಗುವಿಗೆ ಹಾಲು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ದೇವರು ಬೇಡ ಅಂದಿದ್ದಾನಂತೆ. ಮನೋರೋಗದ ಡಾಕ್ಟರಿಗೂ ಹೇಳಿ ಕಳಿಸಿದ್ದಾರೆ. ಹಳೆ ಫೈಲಿನಲ್ಲಿ ನಿಮ್ಮ ವಿಭಾಗದ ಹೆಸರಿದೆ, ಒಮ್ಮೆ ಬಂದು ಬುದ್ಧಿ ಹೇಳಿ ಅಂದರು. ಎಂಥ ಹೆಂಗಸು ಎಂದು ಕೇಳಿದೆ. ಯೂನಿಫಾರ್ಮ್ ಹೊಲಿಯುವವಳು ಅಂದರು.

ಲಿಫ್ಟಿಗೆ ಕಾಯಲಿಲ್ಲ. ಮೂರು ಮಹಡಿ ಓಡಿ ಹತ್ತಿದೆ. ಮಗು ಕಿರುಚಿ ಕಿರುಚಿ ದನಿ ಸೋತಿತ್ತು. ಬಾಗಿಲಿಗೆ ಅಡ್ಡವಾಗಿ ಅತ್ತೆ ನಿಂತಿದ್ದರು, ಸೆಕ್ಯೂರಿಟಿಯವನು ಅವರ ತೋಳು ಹಿಡಿದಿದ್ದ. ನರ್ಸ್ ಕೈಯಲ್ಲಿ ಬಾಟಲಿ. ಮಾಮೂಲಿ ಹಾಲಿನ ಪುಡಿ ಕಲಸಿ ಆಗಿತ್ತು, ಕುಡಿಸುವುದೊಂದೇ ಬಾಕಿ. ಕಿತ್ತುಕೊಂಡು ಸಿಂಕಿಗೆ ಸುರಿದೆ. ಆ ಸಕ್ಕರೆ ಇಲ್ಲದ ಸೋಯಾ ಪುಡಿ ತರಿಸಿ ಅಂದೆ. ಮಗುವಿನ ರಕ್ತ ಲ್ಯಾಬಿಗೆ ಕಳಿಸಿ ಅಂದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಇಂಥ ತಾಯಂದಿರು ಹೆರಿಗೆಗೆ ಬರುವ ಮೊದಲೇ ನಮ್ಮಿಂದ ವಾರ್ಡಿಗೆ ಒಂದು ಪತ್ರ ಬಂದಿರಬೇಕು. ಮೊದಲ ಗುಟುಕಿನಿಂದಲೇ ಬೇರೆ ಹಾಲು, ತಕ್ಷಣ ರಕ್ತಪರೀಕ್ಷೆ ಎಂದು. ಬಂದಿಲ್ಲ. ಫೈಲಿನಲ್ಲಿ ಒಂದೇ ಸಾಲು: ಧಾರ್ಮಿಕ ಕಾರಣಕ್ಕೆ ಪರೀಕ್ಷೆ ಹಾಗೂ ಮುಂದಿನ ಸಲಹೆ ನಿರಾಕರಿಸಿದ್ದಾರೆ. ಕೆಳಗೆ ದೊಡ್ಡ ಡಾಕ್ಟರ ಸಹಿ, ಬಾಲ ಎಳೆದು.

ಭಕ್ತರ ಕೇಸು! ಹೋಗಿ ಕೇಳಿಯೇ ಬಿಡುತ್ತೇನೆ.

ಸಂಜೆ 6

ಕೇಳಿದೆ. ಅವರ ರೂಮಿನಲ್ಲಿ, ಬಾಗಿಲು ತೆರೆದೇ ಇತ್ತು. ಕಾರಿಡಾರಿನಲ್ಲಿ ಕೂತವರೆಲ್ಲ ಕೇಳಿಸಿಕೊಂಡರು. ಹಾಲು ಬೇಡ ಅಂದವಳಿಗೆ ವಾರ್ಡಿನವರು ಹುಚ್ಚಿಯ ಪಟ್ಟ ಕಟ್ಟಿದರಲ್ಲ, ಒಂದು ಗುಟುಕು ಹೊಟ್ಟೆಗೆ ಹೋಗಿದ್ದರೆ ಯಾರು ಹೊಣೆ ಅಂದೆ. ದೇವರ ಹೆಸರು ಕೇಳಿದೊಡನೆ ನಿಮ್ಮ ಕಿವಿ ಕಿವುಡಾಗುತ್ತದಾ ಅಂದೆ. ಹದಿನಾಲ್ಕು ವರ್ಷದ ಸಿಟ್ಟು ಒಟ್ಟಿಗೇ ಬಂತು.

ಅವರು ಕನ್ನಡಕ ಒರೆಸಿಕೊಂಡರು. "ನಾನು ದಿನಕ್ಕೆ ಎಂಬತ್ತು ಸಹಿ ಹಾಕ್ತೀನಿ. ಆ ಸಾಲು ಬರೆದವರು ಯಾರು ಅಂತ ನೋಡಿ, ಆಮೇಲೆ ಬಂದು ಕೂಗಾಡಿ."

ಆಗಸ್ಟ್ 13, ಬುಧವಾರ

ನೋಡಿದೆ.

ಮಾರ್ಚ್ 11, ಮಧ್ಯಾಹ್ನ 12.52. ನನ್ನ ಲಾಗಿನ್.

ಒಪ್ಪಿದ್ದಾರೆ, ನಿರಾಕರಿಸಿದ್ದಾರೆ. ಪುಟದ ಕೊನೆಗೆ ಇವೆರಡೇ ಬಟನ್. ಒಂದನ್ನು ಒತ್ತದೆ ಪುಟ ಮುಗಿಯುವುದಿಲ್ಲ. ಯೋಚಿಸಿ ಹೇಳುತ್ತಾರೆ ಎನ್ನುವುದಕ್ಕೆ ಜಾಗವೇ ಇಲ್ಲ. ಇಂಥ ಸಾಫ್ಟ್‌ವೇರ್ ಮಾಡಿಕೊಟ್ಟವನ ತಲೆಗಿಷ್ಟು ಬೆಂಕಿ ಹಾಕ. ನಿರಾಕರಣೆ ಒತ್ತಿದರೆ ಕಾರಣಗಳ ಪಟ್ಟಿ ಬರುತ್ತದೆ, ಮೊದಲನೆಯದೇ "ಧಾರ್ಮಿಕ". ಅದನ್ನು ಒತ್ತಿದರೆ ಆ ಸಾಲು ತಾನೇ ಮೂಡುತ್ತದೆ, ಫೈಲು ಮುಚ್ಚುತ್ತದೆ, ವಾರ್ಡಿಗೆ ಪತ್ರ ಹೋಗುವುದಿಲ್ಲ. ಸರಿ, ಬಟನ್ ಕೆಟ್ಟದ್ದು. ಓದದೆ ಸಹಿ ಹಾಕುವವರೂ ಕೆಟ್ಟವರೇ. ಆದರೆ ಒತ್ತಿದ ಬೆರಳು ನನ್ನದು. ಪುಟ ಹಾಗೇ ತೆರೆದಿಟ್ಟು ಊಟಕ್ಕೆ ಹೋಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ವಾರ್ಡಿಗೆ ಹೋದೆ. ಮಗು ಸೋಯಾ ಹಾಲು ಕುಡಿದು ಮಲಗಿತ್ತು. ಹೊಲಿಗೆಯವಳ ಪಕ್ಕ ಸ್ಟೂಲು ಎಳೆದು ಕೂತು ತಪ್ಪು ಒಪ್ಪಿಕೊಂಡೆ. ಅವಳಿಗೆ ಅದು ಪೂರ್ತಿ ಅರ್ಥವಾದಂತೆ ಕಾಣಲಿಲ್ಲ.

"ಗುರುವಾರ ಬಂದಿದ್ದೆ ಮೇಡಂ. ನಿಮ್ಮ ರೂಮಿಗೆ ಬೀಗ ಇತ್ತು. ಫೈಲ್ ಕ್ಲೋಸ್ ಆಗಿದೆ, ನೀವೇ ಬೇಡ ಅಂದಿದ್ದೀರಲ್ಲ ಅಂದ್ರು ಕೌಂಟರ್‌ನಲ್ಲಿ. ನಿಮಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು ಅಂದ್ಕೊಂಡು ಹೋದೆ."

ಆ ಗುರುವಾರ ನಾನು ಅರವತ್ನಾಲ್ಕು ಸ್ಲೈಡು ನೋಡುತ್ತಿದ್ದೆ.

ಅವತ್ತು ದೇವರನ್ನು ಏನು ಕೇಳಿಕೊಂಡಳೆಂದು ವಿಚಾರಿಸಿದೆ. ಪರೀಕ್ಷೆ ಮಾಡಿಸಲೋ ಬೇಡವೋ ಎಂದು ಕೇಳಿರಲಿಲ್ಲ. ಮಾಡಿಸುವುದೆಂದು ನನ್ನ ಎದುರು ಕೂತಾಗಲೇ ತೀರ್ಮಾನಿಸಿದ್ದಳಂತೆ. ಹೊಟ್ಟೆಗೆ ಹಾಕುವ ಸೂಜಿಗೆ ಹೆದರಿ ಧೈರ್ಯ ಕೊಡು ಎಂದು ಕೇಳಿದ್ದಳು, ಅಷ್ಟೇ. ಮಗುವನ್ನು ತೆಗೆಸುವ ಯೋಚನೆ ಅವಳ ತಲೆಯಲ್ಲಿ ಇರಲೇ ಇಲ್ಲ. ಹುಟ್ಟಿದ ದಿನ ಯಾವ ಹಾಲು ಕೊಡಬೇಕು ಎಂದು ಅವಳಿಗೆ ಮುಂಚೆಯೇ ತಿಳಿದಿರಬೇಕಿತ್ತು, ಪರೀಕ್ಷೆ ಬೇಕಾಗಿದ್ದು ಅದಕ್ಕೇ. ಭಕ್ತೆ ಅಂದರೆ ಪರೀಕ್ಷೆ ಬೇಡ ಅನ್ನುವವಳು ಎಂದು ನಾನೇ ಲೆಕ್ಕ ಹಾಕಿಬಿಟ್ಟಿದ್ದೆ.

ಹಾಲು ಬೇಡವೆಂದು ದೇವರು ನಿಜವಾಗಿ ಹೇಳಿದನಾ ಅಂದೆ.

"ನೀವು ಹೇಳಿದ್ದು. ಮೇಡಂ ಹೇಳಿದಾರೆ ಅಂತ ಬಡ್ಕೊಂಡೆ, ಫೈಲಲ್ಲಿ ಇಲ್ಲ ಅಂದ್ರು. ಅದಕ್ಕೇ ದೇವರು ಹೇಳ್ದ ಅಂದೆ. ಅತ್ತೆ ಎದ್ದು ಬಾಗಿಲಿಗೆ ನಿಂತ್ರು." ಮಗುವಿನ ಹೊದಿಕೆ ಸರಿಮಾಡುತ್ತ ಅಂದಳು: "ಸುಳ್ಳಲ್ಲ ಮೇಡಂ. ನಿಮ್ಮ ಬಾಯಲ್ಲಿ ಹೇಳಿಸಿದ್ದು ಅವನೇ ತಾನೆ?"

ಬೆಳಗಿನ ಜಾವದಿಂದ ಹನ್ನೊಂದರವರೆಗೆ ಆ ಕೂಸನ್ನು ಕಾದದ್ದು ನನ್ನ ವಿಜ್ಞಾನವಲ್ಲ. ಬಾಗಿಲಲ್ಲಿ ನಿಂತ ಆ ಮುದುಕಿ.

ಆಗಸ್ಟ್ 19, ಮಂಗಳವಾರ

ರಿಪೋರ್ಟ್ ಬಂತು. ಮಗುವಿಗೂ ಅದೇ ಕಾಯಿಲೆ. ಗಂಡು. ಸೋಯಾ ಹಾಲು ಹಿಡಿಸಿದೆ, ತೂಕ ಏರುತ್ತಿದೆ, ಇವತ್ತು ಮನೆಗೆ ಹೋದರು. ಹೋಗುವಾಗ ಅವಳು ನನಗಾಗಿಯೂ ಪ್ರಾರ್ಥನೆ ಮಾಡುವುದಾಗಿ ಹೇಳಿದಳು. ಬೇಡ ಅನ್ನಲಿಲ್ಲ.

ಘಟನಾ ವರದಿ ಬರೆಯಬೇಕಿತ್ತು. ದೊಡ್ಡ ಡಾಕ್ಟರ್ ಉಪಾಯ ಹೇಳಿಕೊಟ್ಟರು: ಸಾಫ್ಟ್‌ವೇರ್ ದೋಷ ಎಂದು ಬರೆದು ಕೈ ತೊಳೆದುಕೊಳ್ಳಿ, ಇಬ್ಬರಿಗೂ ಒಳ್ಳೆಯದು. ಎಷ್ಟು ಸಲೀಸಾಗಿ ಅಂದರು! ಬರೆದೆ: ರೋಗಿ ನಿರಾಕರಿಸಿಲ್ಲ. ಎರಡು ದಿನ ಸಮಯ ಕೇಳಿದ್ದರು. ನಾನು ಕೊಡಲಿಲ್ಲ. ನನ್ನ ಸಹಿ ಹಾಕಿ ಅವರ ಟೇಬಲ್ ಮೇಲಿಟ್ಟು ಬಂದೆ. ಇದನ್ನಾದರೂ ಓದಿ ಸಹಿ ಹಾಕಲಿ.

ಆಮೇಲೆ ಕಂಪ್ಯೂಟರ್ ವಿಭಾಗದವರಿಂದ ಪಟ್ಟಿ ತರಿಸಿದೆ. ನನ್ನ ಲಾಗಿನ್, ನಿರಾಕರಣೆ, ಕಾರಣ ಧಾರ್ಮಿಕ. ಮೂರು ವರ್ಷದಲ್ಲಿ ನಲವತ್ತೊಂದು ಫೈಲು. ಒಬ್ಬರ ಮುಖವೂ ನೆನಪಾಗುತ್ತಿಲ್ಲ.

ಆಗಸ್ಟ್ 20, ಬುಧವಾರ

ರೂಮಿನ ಬಾಗಿಲು ಹಾಕಿಕೊಂಡು ಪಟ್ಟಿಯ ಮೊದಲ ನಂಬರಿಗೆ ಫೋನ್ ಮಾಡಿದೆ. ಗಂಡ ಎತ್ತಿಕೊಂಡ. ಆಸ್ಪತ್ರೆಯಿಂದ ಎಂದೆ. ನೀವು ಅವತ್ತು ಬೇಡ ಅಂದಿರಾ, ಇಲ್ಲ ಸಮಯ ಕೇಳಿದ್ದಿರಾ ಎಂದು ವಿಚಾರಿಸಿದೆ. ಸಮಯ ಕೇಳಿದ್ವಿ ಅಂದ. ಮಗು ಹೇಗಿದೆ ಎಂದು ಕೇಳಿದೆ. "ಈಗ ಕೇಳ್ತೀರಾ?" ಎಂದು ಫೋನ್ ಇಟ್ಟ. ಪಟ್ಟಿಯ ಎರಡನೇ ನಂಬರು ಒತ್ತಿದೆ.