ಬಿದ್ದ ಹಾಳೆ

ಒಡೆಸಾ, 3 ಮಾರ್ಚ್ 2012

ನಿರ್ದೇಶಕ ಮಾರ್ಟೆನ್ ಅವರಿಗೆ,

ನಿಮ್ಮ ನಾಟಕ ಕಂಪನಿಗೆ ಇಪ್ಪತ್ತೈದು ತುಂಬಿತೆಂದು ಪುಸ್ತಕ ತರುತ್ತೀರಂತೆ, ಅದಕ್ಕೆ ನನ್ನ ಸವಿನೆನಪು ಬೇಕಂತೆ. ಒಂಬತ್ತು ವರ್ಷ, ಹದಿನಾಲ್ಕು ದೇಶ ನಿಮ್ಮ ನಟರ ಬೆವರಿನ ಅಂಗಿ ಒಗೆದು ಗುಂಡಿ ಹೊಲಿದವಳಿಗೆ ಸವಿಯೆಂಬುದು ಏನು ಉಳಿದೀತು? ನಿಮ್ಮ ರಾಜನ ಪಾತ್ರಧಾರಿಗೆ ತನ್ನ ಕಾಲುಚೀಲ ಎಲ್ಲಿದೆಯೆಂದು ಯಾವ ದೇಶದಲ್ಲೂ ಗೊತ್ತಿರಲಿಲ್ಲ. ನಿಮಗೆ ರಾಯಿಸಾ ಎನ್ನಲು ನಾಲಿಗೆ ಹೊರಳದೆ ಕೊನೆಯವರೆಗೂ ರೋಸಾ ಎಂದಿರಿ.

ಲಿಸ್ಬನ್ನಿನ ಮೊದಲ ಪ್ರದರ್ಶನದ ದಿನ ರಂಗಮಂದಿರದ ಬಾಗಿಲ ಹೊರಗೆ ನಿಮ್ಮ ಕೈಯಿಂದ ನಾಟಕದ ಹಸ್ತಪ್ರತಿ ಕೆಸರಿಗೆ ಬಿತ್ತು.

"ಹಂಗೇ ಎತ್ಬೇಡಿ ಸಾರ್. ಬಿದ್ದ ಹಾಳೆ ಮೇಲೆ ಒಂದ್ಸಲ ಕೂತು ಆಮೇಲೆ ಎತ್ಕೋಬೇಕು, ಇಲ್ಲಾಂದ್ರೆ ನಾಟಕಾನೇ ಬಿದ್ದೋಗತ್ತೆ" ಎಂದೆ. ನಮ್ಮಲ್ಲಿ ರಂಗಮಂದಿರದ ಕಸ ಗುಡಿಸುವವಳಿಗೂ ಗೊತ್ತಿರುವ ಮಾತದು.

"ಈ ಬಿಳಿ ಪ್ಯಾಂಟಲ್ಲಿ ಕೂರೋದಾ? ನಿಮ್ಮೂರ ಹುಚ್ಚೆಲ್ಲ ನಿಮ್ಮೂರಲ್ಲೇ ಇರ್ಲಿ ರೋಸಾ" ಎಂದು ನಕ್ಕಿರಿ.

ನನಗಿದ್ದ ಒಂದೇ ಒಳ್ಳೆಯ ಲಂಗದಲ್ಲಿ ನಾನೇ ಅದರ ಮೇಲೆ ಕೂತೆ. ಅಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೆಲ್ಲ ನಿಮ್ಮ ನಿರ್ದೇಶನಕ್ಕೇ ಎಂದುಕೊಂಡು ನೀವು ಮೂರು ಸಲ ತಲೆಬಾಗಿದಿರಿ.

ಪುಸ್ತಕದಲ್ಲಿ ನನ್ನ ಹೆಸರನ್ನು ಕೆಳಗಿರುವಂತೆ ಪೂರ್ತಿ ಹಾಕಿಸಿ.

ನೀವು ಕಳಿಸಿದ ಹೊಸ ನಾಟಕದ ಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ, ಓದುವ ಮನಸ್ಸಿಲ್ಲ. ಲಕೋಟೆಯಿಂದ ತೆಗೆಯುವಾಗ ಅದು ಅಡುಗೆಮನೆಯ ನೆಲಕ್ಕೆ ಬಿತ್ತು. ಹಾಳೆಗಳು ಸ್ವಲ್ಪ ಮುದುಡಿವೆ, ಕ್ಷಮಿಸಿ. ಈ ಮಂಡಿನೋವಿನಲ್ಲಿ ನನ್ನನ್ನು ಮೇಲೆಬ್ಬಿಸಲು ಪಕ್ಕದ ಮನೆಯವಳು ಬರುವುದು ತಡವಾಯಿತು.

ಇಂತು,
ರಾಯಿಸಾ ಪೆಟ್ರೊವ್ನಾ ಬೊಂದಾರ್