ಅಡುಗೆಕೋಣೆ ಗೋಡೆಯ ಥರ್ಮಾಮೀಟರ್

ಮಾರ್ಚ್ 3, ಸೋಮವಾರ
ಬಸವಕಲ್ಯಾಣದಿಂದ ರಾಜೇಶ್ವರದ ಶಾಲೆಗೆ ಇವತ್ತೂ ನಿಂತೇ ಪ್ರಯಾಣ. ಹತ್ತನೇ ತರಗತಿಗೆ ರಿವಿಜನ್, ಆಮೇಲೆ ನನ್ನ ಗ್ರಾಫ್. ಶಾಲೆಯ ಥರ್ಮಾಮೀಟರಿನ ಇಪ್ಪತ್ತು ವರ್ಷದ ಲೆಕ್ಕ — ಮಧ್ಯಾಹ್ನ ಮೂರರ ತಾಪಮಾನ ಒಂದೂವರೆ ಡಿಗ್ರಿ ಏರಿದೆ! 23ಕ್ಕೆ ಹುಮನಾಬಾದಿನಲ್ಲಿ ವಿಜ್ಞಾನ ಶಿಕ್ಷಕರ ಸಭೆ. ಅಲ್ಲಿ ಓದುವುದು.

ಗ್ರಾಫನ್ನು ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಧರ್ಮೇಂದ್ರ ಸರ್ ಮತ್ತೆ ಶುರು. ಹುಮನಾಬಾದಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಮನುಷ್ಯ, ಹವಾಮಾನ ಮೊದಲಿನಿಂದಲೂ ಬದಲಾಗುತ್ತಲೇ ಇದೆ ಎಂಬ ಪಟ್ಟು ಬಿಡುವುದಿಲ್ಲ. “ಗ್ರಾಫ್ ಬ್ಯಾಡ್ರಿ ಶೀತಲ ಮೇಡಂ. ಮೂಲ ವಹಿ ತೋರಿಸ್ರಿ.” ದಿನದಿನದ ಅಂಕಿ ಬರೆದಿಟ್ಟ ಆ ನೋಟ್‌ಬುಕ್ಕುಗಳನ್ನು ಕೊಡುವುದಿಲ್ಲ. ತಪ್ಪು ಹುಡುಕಲಿಕ್ಕೇ ಕೇಳುತ್ತಿದ್ದಾರೆ.

ಮಾರ್ಚ್ 7, ಶುಕ್ರವಾರ
2012ರಿಂದ ಅಂಕಿ ಒಮ್ಮೆಲೇ ಮೇಲೆ ಜಿಗಿದಿದೆ. ಯಾಕೆ? ಜಿಜಾಬಾಯಿಯವರನ್ನು ಕೇಳಿದೆ. ಬಿಸಿಯೂಟ ಮಾಡುವವರು ಅವರು. ಮೊದಲಿನಿಂದಲೂ ಥರ್ಮಾಮೀಟರ್ ನೋಡಿ ಬರೆಯುವವರೂ ಅವರೇ.

“ಅದನ್ನಿಟ್ಟ ಪೆಟಗಿ ಮೊದಲ ಬಯಲಾಗ ಇತ್ತರಿ. ಎಮ್ಮಿ ಬಂದು ಕಂಬಕ್ಕ ಮೈ ತಿಕ್ಕತಿದ್ವು. ಕಂಬ ವಾಲ್ತು. ತಂದು ಅಡಗಿ ಖೋಲಿ ಗ್ವಾಡಿಗಿ ಹಚ್ಚಿದೆ.”
“ಯಾರ ಎಮ್ಮಿ?”
“ನಮ್ಮವೇರಿ.”

ಒಲೆಯ ಬೆನ್ನಿಗೇ ಇರುವ ಗೋಡೆ. ಹದಿಮೂರು ವರ್ಷದಿಂದ ನಾವು ಅಳೆದದ್ದು ಅನ್ನ-ಸಾಂಬಾರಿನ ಬಿಸಿಯನ್ನೂ ಸೇರಿಸಿ. ನಾನು ಬಂದು ಆರು ವರ್ಷವಾಯಿತು, ದಿನಾ ಅದರ ಮುಂದೆಯೇ ಓಡಾಡುತ್ತೇನೆ. ಕಣ್ಣಿಗೆ ಬೀಳಲಿಲ್ಲ.

“ನನ್ನಿಂದ ನಿಮಗ ತಕ್ಲೀಫ್ ಆಯ್ತೇನ್ರಿ?” ಎಂದರು. ಇಲ್ಲ ಮೌಶಿ, ಎಂದು ಸುಳ್ಳು ಹೇಳಿದೆ.

ಮಾರ್ಚ್ 8, ಶನಿವಾರ
ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ — ಭೂಮಿ ಬಿಸಿಯಾಗುತ್ತಿರುವುದೇ ಸುಳ್ಳು ಎನ್ನಲು ಕಾದು ಕುಳಿತವರಿಗೆ ಹಬ್ಬ. ನನ್ನ ಒಂದು ಪೆಟ್ಟಿಗೆ ತೋರಿಸಿ ಇಡೀ ಜಗತ್ತಿನ ವಿಜ್ಞಾನವನ್ನು ನಗೆಪಾಟಲು ಮಾಡುತ್ತಾರೆ. ಜಿಜಾಬಾಯಿಯ ಹೆಸರೂ ಕೆಡುತ್ತದೆ.

ಆದರೂ ಬಯಲಿನ ಹಳೆಯ ಜಾಗದಲ್ಲಿ ಇನ್ನೊಂದು ಥರ್ಮಾಮೀಟರ್ ನಿಲ್ಲಿಸಿದೆ. ಸುತ್ತ ಮುಳ್ಳುಬೇಲಿ. ಎಮ್ಮೆಗಳ ಭರವಸೆಯಿಲ್ಲ.

ಮಾರ್ಚ್ 15, ಶನಿವಾರ
ವಾರವಿಡೀ ಬರೆಯಲು ಮನಸ್ಸಾಗಲಿಲ್ಲ. ನಾಚಿಕೆ. ಶಾಲೆಯ ದಿನಗಳಲ್ಲಿ ಗೋಡೆಯದು ಬಯಲಿಗಿಂತ ಒಂದು ಡಿಗ್ರಿ ಹೆಚ್ಚು. ಅಂದರೆ ನನ್ನ ಒಂದೂವರೆಯಲ್ಲಿ ಬಹುಪಾಲು ಒಲೆಯದೇ. ಇದನ್ನು ಮುಚ್ಚಿಟ್ಟು ಸಭೆಯಲ್ಲಿ ಓದಲಾರೆ.

ಇವತ್ತು ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಧರ್ಮೇಂದ್ರ ಸರ್ ಕೈಗೆ ಎಲ್ಲ ವಹಿ ಕೊಟ್ಟೆ. ಎಮ್ಮೆಯಿಂದ ಹಿಡಿದು ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. “ಇಷ್ಟ ವರ್ಷದಾಗ ನನಗ ಯಾರೂ ವಹಿ ಕೊಟ್ಟಿದ್ದಿಲ್ಲರಿ,” ಎಂದು ಚೀಲಕ್ಕೆ ಜೋಪಾನವಾಗಿ ಇಟ್ಟುಕೊಂಡರು.

ಮಾರ್ಚ್ 19, ಬುಧವಾರ
ಧರ್ಮೇಂದ್ರ ಸರ್ ಫೋನು.
“ಐತವಾರ ಅಡಗಿ ಇರಂಗಿಲ್ಲಲ್ಲ ಮೇಡಂ?”
“ಇಲ್ಲರಿ.”
“ಖರೆ, ವಹಿದಾಗ ಐತವಾರನೂ ಬರದಾರ. ಒಂದೂ ಬಿಟ್ಟಿಲ್ಲ. ಬರೇ ಐತವಾರ ಆರಿಸಿ ನೋಡಿದೆ. ಅರ್ಧ ಡಿಗ್ರಿ ಏರೇ ಅದ.”

ಹೋದ ಭಾನುವಾರ ಎರಡೂ ಥರ್ಮಾಮೀಟರ್ ಹೆಚ್ಚುಕಡಿಮೆ ಒಂದೇ ತೋರಿಸಿದ್ದು ಹೇಳಿದೆ. ಒಂದೆರಡು ಐತವಾರ ಸಾಲಂಗಿಲ್ಲ, ವರ್ಷಗಟ್ಟಲೆ ನೋಡಬೇಕು ಎಂದರು. ಸರಿಯೇ.

“ಒಪ್ಪಿದಿರಿ ಹಂಗಾದ್ರ?”
“ಏರಿದ್ದು ಒಪ್ತೀನಿ. ಮನಷ್ಯಾರ ಪಾಲ ಎಷ್ಟು, ಅದು ನಿಮ್ಮ ಪೆಟಗಿ ಹೇಳಂಗಿಲ್ಲ.”

ಅದೂ ಸರಿ. ಅದನ್ನು ಸಮುದ್ರ, ಗಾಳಿ, ಹಿಮ, ಸಾವಿರಾರು ಕೇಂದ್ರ ಅಳೆದವರು ಹೇಳಿದ್ದಾರೆ, ಅವರ ವಹಿಗಳೂ ತೆರೆದೇ ಇವೆ, ನೀವೇ ಓದ್ರಿ ಎಂದೆ. “ಕಳಸ್ರಿ” ಎಂದರು.

ಮಾರ್ಚ್ 23, ಭಾನುವಾರ. ಬಸ್ಸಿನಲ್ಲಿ
ಹುಮನಾಬಾದಿನಿಂದ ವಾಪಸು. ಸಭೆಯಲ್ಲಿ ಮೊದಲ ಮಾತೇ, ನಾನು ಗ್ರೂಪಿಗೆ ಕಳಿಸಿದ್ದ ಅಂಕಿ ತಪ್ಪು, ಅದರಲ್ಲಿ ಅಡುಗೆ ಒಲೆಯ ಬಿಸಿಯೂ ಸೇರಿದೆ ಎಂದೆ. ಹಿಂದಿನ ಸಾಲಿನಿಂದ ಒಬ್ಬರು, “ಅಂದ್ರ ಭೂಮಿ ಬಿಸಿ ಮಾಡಿದ್ದು ಬಿಸಿಯೂಟ ಅನ್ರಿ.” ಎಲ್ಲರೂ ನಕ್ಕರು. ಹೆದರಿದ್ದು ಇದಕ್ಕೇ. ಮುಖ ಕೆಂಪಾಗಿರಬೇಕು. ನಿಂತೆ. ಭಾನುವಾರಗಳ ಗ್ರಾಫ್ ತೋರಿಸಿದೆ. ಅದು ಹುಡುಕಿದ್ದು ಧರ್ಮೇಂದ್ರ ಸರ್ ಎಂದೂ ಹೇಳಿದೆ.

ಅವರು ಎದ್ದು, ನಾನು ಜೊತೆಗೆ ಕರೆದುಕೊಂಡು ಹೋಗಿದ್ದ ಜಿಜಾಬಾಯಿಯನ್ನೇ ಕೇಳಿದರು.
“ಐತವಾರ ನಿಮಗ ಸಾಲಿ ಇಲ್ಲ, ಪಗಾರ ಇಲ್ಲ. ಯಾಕ ಬರ್ತಿದ್ರಿ?”
ಸೆರಗು ಸರಿಮಾಡಿಕೊಂಡು ಎದ್ದರು. “ಸೂಟಿ ನಮಗರಿ. ಬಿಸಲಿಗಿ ಎಲ್ಲಿ ಸೂಟಿ?” ಆಮೇಲೆ ಮೆಲ್ಲಗೆ, “ಪೆಟಗಿ ಸರಿಸಿದಾಕಿ ನಾನು. ಮೇಡಂಗ ನಗಬ್ಯಾಡ್ರಿ.”

ಯಾರೂ ನಗಲಿಲ್ಲ. ನನಗೆ ಅಳು ಬಂತು, ಅಷ್ಟು ಜನರ ಮುಂದೆ.

ಊಟಕ್ಕೆ ನಿಲ್ಲಿ ಎಂದರೆ ಕೇಳಲಿಲ್ಲ ಜಿಜಾಬಾಯಿ. ಮೂರಕ್ಕೆ ಗೋಡೆ, ಬಯಲು ಎರಡೂ ಕಡೆ ಥರ್ಮಾಮೀಟರ್ ನೋಡಬೇಕಂತೆ. ನಾನು ಬಸವಕಲ್ಯಾಣಕ್ಕೆ ಟಿಕೆಟ್ ತೆಗೆಸಿದ್ದೇನೆ.

ಮೂರಕ್ಕೆ ಹತ್ತು ನಿಮಿಷ. ರಾಜೇಶ್ವರ ಬಂತು. ಬಸ್ಸು ನಿಲ್ಲುವ ಮೊದಲೇ ಅವರು ಬಾಗಿಲಲ್ಲಿ. ನಾನೂ ಇಲ್ಲೇ ಇಳಿದು—