ಕೊಡದ ಕೆಳಗಿನ ಚಕ್ರ

ಶಿವಪ್ರಕಾಶಣ್ಣ,

ಅಫಜಲಪುರಕ್ಕೆ ಹೋಗಬೇಡ. ಕಾಕಾನ ಹಳೆಯ ಮೋಟೊಕ್ರಾಸ್ ರೇಸಿನ ಗಾಡಿಗೆಂದು ನೀನು ವರ್ಷದಿಂದ ಗುಜರಿ ಅಂಗಡಿಗಳಲ್ಲಿ ಹುಡುಕುತ್ತಿರುವ ಹಿಂದಿನ ಚೈನ್ ಚಕ್ರ ನಮ್ಮ ಅಡುಗೆಮನೆಯಲ್ಲೇ ಇದೆ. ಆಯಿ ಅದಕ್ಕೆ ಅರಿವೆ ಸುತ್ತಿ ನೀರಿನ ಕೊಡಕ್ಕೆ ಸಿಂಬಿ ಮಾಡಿಕೊಂಡಿದ್ದಾಳೆ. ಇವತ್ತು ಅರಿವೆ ಒಗೆಯಲು ಬಿಚ್ಚಿದಾಗ ಕಂಡಿತು. ಒಂದು ಹಲ್ಲೂ ಸವೆದಿಲ್ಲ.

"ನನ್ನ ಯಾರ ಕೇಳೀರಿ ಬೇ?" ಎಂದಳು. "ಕೊಡ್ತೇನಿ. ಆದ್ರ ಗಾಡಿ ಚಾಲೂ ಆದ ದಿನ ಹಿಂದ ಕುಂತು ಜಿಡಗಾ ಮಠಕ್ಕ ಹೋಗಾಕಿ ನಾನ."

ನಾನು ಹೂಂ ಅಂದಿದ್ದೇನೆ. ಆ ಗಾಡಿಯಲ್ಲಿ ಹಿಂದೆ ಕೂರುವವರಿಗೆ ಕಾಲಿಡುವ ಜಾಗವೇ ಇಲ್ಲ ಎಂದು ಹೇಳಿಲ್ಲ.

ಕಾಲೇಜಿನಿಂದ ಬರುವಾಗ ಹೊಸ ಸಿಂಬಿ ತರುತ್ತೇನೆ. ಅಲ್ಲಿಯವರೆಗೆ ಕೊಡ ಅಲುಗಾಡಿಸಬೇಡ. ಸುಮ್ಮನೆ ಕೂತಿರಲೂ ಬೇಡ, ಫುಟ್‌ರೆಸ್ಟ್ ಹುಡುಕು. ಆಯಿ ಆಗಲೇ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ.

ಭಾಗ್ಯಜ್ಯೋತಿ